ಕೋಳಿ ಬಿಟ್ಟು ಬಾತುಕೋಳಿ ಸಾಕೋಣವೇ? ಮೊದಲು ಲೆಕ್ಕ ಹಾಕೋಣ



ಬೇಸಿಗೆ ಬಂತೆಂದರೆ ನಮ್ಮ ಸಂಘಗಳ ಸಭೆಯಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ. "ಈ ಕೋಳಿ ಸಹವಾಸ ಸಾಕಾಯ್ತು ಸಿಸ್ಟರ್. ರಾತ್ರಿ ಚೆನ್ನಾಗಿದ್ವು, ಬೆಳಿಗ್ಗೆ ನೋಡಿದ್ರೆ ಕತ್ತು ತಿರುಚಿಕೊಂಡು ಬಿದ್ದಿದ್ವು. ಈ ಸಲ ಸಂಘದಿಂದ ಸಾಲ ಕೊಡಿ, ಬಾತುಕೋಳಿ ತರ್ತೀವಿ. ಅವಕ್ಕೆ ರೋಗಾನೇ ಬರಲ್ವಂತೆ." ಈ ಮಾತಿನಲ್ಲಿ ಅರ್ಧ ನಿಜ ಇದೆ. ಉಳಿದರ್ಧ ತಿಳಿದುಕೊಳ್ಳದೆ ಸಾಲ ತೆಗೆದರೆ ಹಕ್ಕಿಯೂ ಉಳಿಯದು, ಕಂತೂ ತೀರದು. ಆದ್ದರಿಂದ ಎರಡರ ಗುಣ-ದೋಷವನ್ನೂ ಇಲ್ಲಿ ಬರೆದಿದ್ದೇವೆ. ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ, ಎಲ್ಲರೂ ಚರ್ಚೆ ಮಾಡಿ.

ಕೋಳಿ ಕೊಡುವ ಕಾಟ

ಸಾರಕ್ಕಿ, ಜರಗನಹಳ್ಳಿ, ಕದಿರೇನಹಳ್ಳಿ, ತಾವರೆಕೆರೆ ಇವೆಲ್ಲ ಒಂದು ಕಾಲಕ್ಕೆ ಹಳ್ಳಿಗಳು. ಈಗ ಸುತ್ತ ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್ ಬೆಳೆದು ಒಳಗೆ ಗಲ್ಲಿಗಳು ಮಾತ್ರ ಉಳಿದಿವೆ. ಗಲ್ಲಿಯಲ್ಲಿ ಕೋಳಿ ಬಿಟ್ಟರೆ ಬೀದಿನಾಯಿ ಹಿಡಿಯುತ್ತದೆ. ಮರಿಗೆ ಹದ್ದು, ಕಾಗೆ, ಬೆಕ್ಕು. ರಾತ್ರಿ ಹೆಗ್ಗಣ. ಪಕ್ಕದ ಮನೆಯ ಹೂವಿನ ಕುಂಡ ಕೆದಕಿದರೆ ಜಗಳ. ಹುಂಜ ಬೆಳಗಿನ ಜಾವ ನಾಲ್ಕಕ್ಕೇ ಕೂಗಿದರೆ ಮಹಡಿ ಮನೆಯವರ ಬೈಗುಳ.

ಮೊಟ್ಟೆಯ ವಿಷಯವೂ ಹಾಗೇ. ನಾಟಿ ಹೇಂಟೆ 12-15 ಮೊಟ್ಟೆ ಇಟ್ಟು ಕಾವಿಗೆ ಕೂರುತ್ತದೆ. ಕಾವು 21 ದಿನ, ಆಮೇಲೆ ಮರಿ ಹಿಂದೆ ಎರಡು ಮೂರು ತಿಂಗಳು. ಹೀಗಾಗಿ ವರ್ಷಕ್ಕೆ ಸಿಗುವುದು 50-60 ಮೊಟ್ಟೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ತಳಿ ಚೆನ್ನಾಗಿ ನೋಡಿಕೊಂಡರೆ 130-150 ಮೊಟ್ಟೆ ಕೊಡುತ್ತದೆ. ಆದರೆ ಅದು ಕಾವಿಗೆ ಕೂರುವುದು ಅಪರೂಪ, ಮರಿಯನ್ನು ಕೊಂಡೇ ತರಬೇಕು.

ಇದನ್ನೆಲ್ಲ ನಮ್ಮ ಹೆಣ್ಣುಮಕ್ಕಳು ಸಹಿಸಿಕೊಂಡು ಬಂದಿದ್ದಾರೆ. ಮನಸ್ಸು ಮುರಿಯುವುದು ಕೊಕ್ಕರೆ ರೋಗ ಬಂದಾಗ. ರಾಣಿಖೇತ್ ಅಂತಲೂ ಕರೆಯುತ್ತಾರೆ. ಹಸಿರು ಮಿಶ್ರಿತ ಬಿಳಿ ಭೇದಿ, ಬಾಯಿ ತೆರೆದು ಉಸಿರಾಟ, ಜೋತ ರೆಕ್ಕೆ, ತಿರುಚಿದ ಕತ್ತು. ಇದು ವೈರಸ್ಸಿನ ರೋಗ. ಬಂದ ಮೇಲೆ ಔಷಧಿ ಇಲ್ಲ. ಒಂದು ಮನೆಗೆ ಬಂದರೆ ಇಡೀ ಗಲ್ಲಿಯ ಗೂಡುಗಳು ಖಾಲಿಯಾಗುತ್ತವೆ.

ಬಾತುಕೋಳಿಯ ಒಳ್ಳೆಯ ಗುಣಗಳು

ಬಾತುಕೋಳಿಗೆ ಕೊಕ್ಕರೆ ರೋಗದಿಂದ ಸಾವು ಬರುವುದು ಅಪರೂಪ. ಅದು ಗೋಡೆ ಹಾರುವುದಿಲ್ಲ, ಕುಂಡ ಕೆದಕುವುದಿಲ್ಲ, ಒಂದನ್ನೊಂದು ಕುಕ್ಕಿ ಗಾಯ ಮಾಡುವುದೂ ಕಡಿಮೆ. ಎರಡಡಿ ಬೇಲಿ ಸಾಕು, ಕೋಲು ಹಿಡಿದು ಅಟ್ಟಿದರೆ ಸಾಲಾಗಿ ಗೂಡಿಗೆ ಹೋಗುತ್ತದೆ. ಮೊಟ್ಟೆಯನ್ನು ಹೆಚ್ಚಾಗಿ ಬೆಳಿಗ್ಗೆ ಒಂಬತ್ತರ ಒಳಗೇ ಇಡುವುದರಿಂದ ಅಲ್ಲಿಯವರೆಗೆ ಕೂಡಿಹಾಕಿದರೆ ಹುಡುಕುವ ಕೆಲಸ ಇಲ್ಲ.

ಮೊಟ್ಟೆಗೆ ಹೆಸರಾದ ತಳಿ ಖಾಕಿ ಕ್ಯಾಂಪ್‌ಬೆಲ್. ನೂರು ವರ್ಷಕ್ಕೂ ಹಿಂದೆ ಇಂಗ್ಲೆಂಡಿನ ಯೂಲಿ ಎಂಬ ಹಳ್ಳಿಯ ಅಡೆಲ್ ಕ್ಯಾಂಪ್‌ಬೆಲ್ ಎಂಬ ಗೃಹಿಣಿ ತನ್ನ ಹಿತ್ತಲಲ್ಲಿ ಬೆಳೆಸಿದ ತಳಿ ಇದು. ಹೊಟ್ಟೆ ತುಂಬ ಆಹಾರ ಕೊಟ್ಟರೆ ವರ್ಷಕ್ಕೆ 240ಕ್ಕೂ ಹೆಚ್ಚು ಮೊಟ್ಟೆ, ಒಂದೊಂದೂ ಸುಮಾರು 65-70 ಗ್ರಾಂ. ಎರಡನೇ ವರ್ಷವೂ ಚೆನ್ನಾಗಿಯೇ ಇಡುತ್ತದೆ. ನಮ್ಮ ಹೆಸರಘಟ್ಟದಲ್ಲಿರುವ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆ ಈ ತಳಿಯನ್ನು ಸಾಕಿ, ತರಬೇತಿಯನ್ನೂ ಕೊಡುತ್ತ ಬಂದಿದೆ.

ಬಾತುಕೋಳಿ ಕೇಳುವ ಬೆಲೆ

ಮೊದಲನೆಯದು ನೀರು. ಈಜಲು ಕೊಳ ಬೇಕೇ ಬೇಕು ಅಂತೇನಿಲ್ಲ. ಆದರೆ ತಲೆ ಮುಳುಗಿಸಿ ಕಣ್ಣು, ಮೂಗು ತೊಳೆದುಕೊಳ್ಳುವಷ್ಟು, ಅಂದರೆ ಐದಾರು ಇಂಚು ಆಳದ ನೀರು ದಿನವೂ ಬೇಕು. ಅದನ್ನು ಗಂಟೆಯೊಳಗೆ ಕೆಸರು ಮಾಡುತ್ತದೆ. ಹಿಕ್ಕೆ ತೆಳ್ಳಗಿರುತ್ತದೆ, ತೊಳೆಯದಿದ್ದರೆ ನಾರುತ್ತದೆ. ಹೆಣ್ಣು ಬಾತುಗಳು ಗಟ್ಟಿಯಾಗಿ ಕೂಗುತ್ತವೆ, ಅಕ್ಕಪಕ್ಕದವರ ಬೈಗುಳ ಇಲ್ಲೂ ತಪ್ಪದು. 2024ರ ಬೇಸಿಗೆ ನೆನಪಿದೆಯಲ್ಲ? ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ದರಕ್ಕೆ ಜಿಲ್ಲಾಡಳಿತವೇ ಮಿತಿ ಹಾಕಬೇಕಾಯಿತು. ಮನುಷ್ಯರು ಕೊಡ ಹಿಡಿದು ಕಾಯುವ ಗಲ್ಲಿಯಲ್ಲಿ ಬಾತುಕೋಳಿಗೆ ನೀರು ಎಲ್ಲಿಂದ?

"ಮಡಿವಾಳ ಕೆರೆ, ಪುಟ್ಟೇನಹಳ್ಳಿ ಕೆರೆ ಹತ್ತಿರವೇ ಇದೆ, ಬಿಟ್ಟರಾಯ್ತು" ಅಂತ ಕೆಲವರು ಹೇಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೆರೆ ನಮ್ಮ ಸ್ವಂತದ್ದಲ್ಲ. ಕೊಳಚೆ ಸೇರಿದ ನೀರಿನಿಂದ ಬಾತು ಸಾಯಬಹುದು. ಕಾಡುಹಕ್ಕಿಗಳ ಜೊತೆ ಬೆರೆತರೆ ಹಕ್ಕಿಜ್ವರದ ಭಯವೂ ಇದೆ. ಬಾತುಕೋಳಿ ಮೇಲ್ನೋಟಕ್ಕೆ ಆರೋಗ್ಯವಾಗಿದ್ದುಕೊಂಡೇ ಆ ವೈರಸ್ಸನ್ನು ಹೊತ್ತು ತಂದು ಕೋಳಿಗೆ ಅಂಟಿಸಬಲ್ಲದು. ಅದಕ್ಕೇ ಕೋಳಿ, ಬಾತು ಎರಡನ್ನೂ ಒಂದೇ ಗೂಡಿನಲ್ಲಿ ಇಡಬಾರದು. ಈ ರೋಗ ದೂರದ ಮಾತೇನಲ್ಲ, 2012ರ ಅಕ್ಟೋಬರ್‌ನಲ್ಲಿ ಹೆಸರಘಟ್ಟದಲ್ಲೇ ಕಾಣಿಸಿಕೊಂಡಿತ್ತು.

ಎರಡನೆಯದು ಆಹಾರ. ಖಾಕಿ ಕ್ಯಾಂಪ್‌ಬೆಲ್ ಮೊಟ್ಟೆ ಇಡಲು ಸುಮಾರು 20 ವಾರ ಬೇಕು. ಅಷ್ಟರೊಳಗೆ ಒಂದು ಹಕ್ಕಿ ಸುಮಾರು 12.5 ಕಿಲೋ ತಿನ್ನುತ್ತದೆ. ಹತ್ತು ಹಕ್ಕಿಗೆ 125 ಕಿಲೋ! ಆಮೇಲೆ ದಿನಕ್ಕೆ ತಲಾ 120 ಗ್ರಾಂಗಿಂತ ಕಡಿಮೆ ಇಲ್ಲ. ಸಂಘದ ಕಂತು ಮುಂದಿನ ತಿಂಗಳೇ ಶುರು, ಮೊಟ್ಟೆ ಬರುವುದು ಐದು ತಿಂಗಳ ಮೇಲೆ. ಬೂಷ್ಟು ಹಿಡಿದ ಮುಸುಕಿನ ಜೋಳ, ಕಡ್ಲೆಕಾಯಿ ಹಿಂಡಿ ಹಾಕಿದರೆ ಬಾತು ಬೇಗ ಸಾಯುತ್ತದೆ. ಆ ಬೂಷ್ಟಿನ ವಿಷ ಕೋಳಿಗಿಂತ ಬಾತಿಗೇ ಜಾಸ್ತಿ ತಾಗುತ್ತದೆ. ಪ್ಲೇಗ್, ಕಾಲರಾ ಎಂಬ ರೋಗಗಳು ಬಾತಿಗೂ ಇವೆ. ರೋಗಾನೇ ಇಲ್ಲ ಅನ್ನೋದು ಸುಳ್ಳು.

ಮೂರನೆಯದು ಗಿರಾಕಿ. ನಾಟಿ ಕೋಳಿ ಮೊಟ್ಟೆಯನ್ನು ಬಾಣಂತಿಗೆ, ಮಕ್ಕಳಿಗೆ ಅಂತ ಮನೆಗೇ ಬಂದು ಕೇಳಿ ಕೊಳ್ಳುತ್ತಾರೆ. ಬಾತು ಮೊಟ್ಟೆಯ ವಾಸನೆ ನಮ್ಮವರಿಗೆ ಅಷ್ಟು ಒಗ್ಗದು. ಮಡಿವಾಳ, ಬಿ.ಟಿ.ಎಂ. ಕಡೆ ಇರುವ ಕೇರಳದವರು, ಬಂಗಾಳದವರು ಇಷ್ಟಪಡುತ್ತಾರೆ. ಕ್ರಿಸ್‌ಮಸ್, ಈಸ್ಟರ್ ಸಮಯದಲ್ಲಿ ಬಾತಿನ ಮಾಂಸಕ್ಕೂ ಕೇಳಿಕೆ ಇರುತ್ತದೆ. ಆದರೆ ಹಬ್ಬದ ಗಿರಾಕಿಯನ್ನು ನಂಬಿ ವರ್ಷವಿಡೀ ಸಾಕಲಾಗದು.

ಒಂದು ಸೀಸೆ, ನೂರು ಕೋಳಿ

ಕೋಳಿ ಬಿಡಲು ಕೊಕ್ಕರೆ ರೋಗವೇ ಕಾರಣವಾದರೆ ಅದಕ್ಕೆ ಲಸಿಕೆ ಇದೆ. ಮರಿಗೆ 5ರಿಂದ 7ನೇ ದಿನದೊಳಗೆ ಕಣ್ಣಿಗೆ ಒಂದು ಹನಿ, ನಾಲ್ಕನೇ ವಾರ ಮತ್ತೊಮ್ಮೆ, ಎಂಟನೇ ವಾರ ಆರ್‌2ಬಿ ಎಂಬ ಚುಚ್ಚುಮದ್ದು. ಹಾಗಾದರೆ ನಮ್ಮವರು ಯಾಕೆ ಹಾಕಿಸುತ್ತಿಲ್ಲ? ಸಣ್ಣ ಸೀಸೆಯಲ್ಲೂ ಸಾಮಾನ್ಯವಾಗಿ ನೂರು ಹಕ್ಕಿಗಾಗುವಷ್ಟು ಲಸಿಕೆ ಇರುತ್ತದೆ. ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಎಂಟು ಕೋಳಿ ಇರುವ ಒಬ್ಬ ತಾಯಿ ಅದನ್ನು ತಂದು ಏನು ಮಾಡಿಯಾಳು?

ಇಲ್ಲೇ ಸಂಘದ ಬಲ ಇರುವುದು. ಹನ್ನೆರಡು ಸದಸ್ಯೆಯರು ಒಂದೇ ವಾರ ತಲಾ ಎಂಟು ಮರಿ ತಂದರೆ 96 ಆಯಿತು. ಒಂದು ಸೀಸೆ ಸರಿಹೋಯಿತು. ಒಬ್ಬರು ಐಸ್ ಹಾಕಿದ ಫ್ಲಾಸ್ಕಿನಲ್ಲಿ ಲಸಿಕೆ ತರಲಿ, ಇಬ್ಬರು ಹನಿ ಹಾಕುವುದನ್ನು ಪಶು ಆಸ್ಪತ್ರೆಯಲ್ಲಿ ಕಲಿಯಲಿ, ಎಲ್ಲರ ಕೋಳಿಗೂ ಒಂದೇ ದಿನ ಬಿಸಿಲೇರುವ ಮುಂಚೆ ಹಾಕಿ ಮುಗಿಸಿ. ಕಾಯಿಲೆ ಬಿದ್ದ ಕೋಳಿಗೆ ಹಾಕಬೇಡಿ. ಸತ್ತದ್ದನ್ನು ಬರಿಗೈಲಿ ಮುಟ್ಟಬೇಡಿ, ಮೋರಿಗೆ ಎಸೆಯಬೇಡಿ. ಒಟ್ಟಿಗೆ ಹಲವು ಸತ್ತರೆ ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ.

ಸಾಲದ ಅರ್ಜಿಗೆ ಮುಂಚೆ ಕೇಳಿಕೊಳ್ಳಿ

1. ಬೇಸಿಗೆಯಲ್ಲೂ ದಿನಕ್ಕೆ ಎರಡು ಮೂರು ಕೊಡ ನೀರು ಹಕ್ಕಿಗೆ ಮಿಗುತ್ತದೆಯೇ? ಕೊಳೆ ನೀರು ಹೋಗಲು ಜಾಗ ಇದೆಯೇ?
2. ಮನೆ ಮಾಲೀಕರು, ಅಕ್ಕಪಕ್ಕದವರು ಒಪ್ಪಿದ್ದಾರೆಯೇ? ನಗರ ಪಾಲಿಕೆಯ ನಿಯಮ ಕೇಳಿದ್ದೀರಾ?
3. ವಾರ ವಾರ ಬಾತು ಮೊಟ್ಟೆ ಕೊಳ್ಳುವ ಐದು ಮನೆಗಳನ್ನಾದರೂ ಗುರುತಿಸಿದ್ದೀರಾ?
4. ಐದು ತಿಂಗಳ ಆಹಾರದ ಖರ್ಚನ್ನು ಸಾಲದ ಲೆಕ್ಕಕ್ಕೆ ಸೇರಿಸಿದ್ದೀರಾ? ಅಷ್ಟು ದಿನ ಕಂತಿಗೆ ಬಿಡುವು ಕೊಡಲು ಸಂಘ ಒಪ್ಪಿದೆಯೇ?

ನಾಲ್ಕಕ್ಕೂ "ಹೌದು" ಎನ್ನುವವರು, ಊರ ಅಂಚಿನಲ್ಲಿ ಸ್ವಲ್ಪ ಜಾಗ, ನೀರು ಇರುವವರು, ಆರು ಹೆಣ್ಣಿಗೆ ಒಂದು ಗಂಡಿನಂತೆ ಬಾತುಕೋಳಿ ಸಾಕಿ ನೋಡಬಹುದು. ಗಲ್ಲಿಯ ಮನೆಯವರಿಗೆ ನಮ್ಮ ಸಲಹೆ ಇಷ್ಟೇ: ಐದಾರು ಕೋಳಿ, ಭದ್ರವಾದ ಗೂಡು, ಸಂಘದ ಒಂದು ಸೀಸೆ ಲಸಿಕೆ. ಗೋಪುರ ಕಟ್ಟುವವನ ಸಾಮತಿ ನಮಗೂ ಸಲ್ಲುತ್ತದೆ: ಮೊದಲು ಲೆಕ್ಕ, ಆಮೇಲೆ ಕಲ್ಲು. ಮುಂದಿನ ಸಭೆಯಲ್ಲಿ ಯಾರ ಮನೆಯಲ್ಲಿ ಎಷ್ಟು ಕೋಳಿ ಇವೆ ಎಂದು ಎಣಿಸಿ, ಲಸಿಕೆ ಹಾಕುವ ದಿನವನ್ನು ನಿರ್ಣಯ ಪುಸ್ತಕದಲ್ಲಿ ಬರೆದುಬಿಡಿ.