ಲಾಕ್ ಆದ ಬ್ಯಾಕ್‌ರೆಸ್ಟ್ ಕಳಚುವುದೇಕೆ?

ಬೈಕಿನ ಬ್ಯಾಕ್‌ರೆಸ್ಟ್, ಕ್ಯಾರಿಯರ್ ‘ಟಕ್’ ಎಂದು ಲಾಕ್ ಆದರೂ ದಾರಿಯಲ್ಲಿ ಕಳಚಿಕೊಳ್ಳುವುದೇಕೆ? – ಓದುಗರೊಬ್ಬರು, ಅಗ್ರಹಾರ, ಮೈಸೂರು

ಸದ್ದು ಬಂದ ಮಾತ್ರಕ್ಕೆ ಲಾಕ್ ಪೂರ್ತಿ ಕೂತಿದೆ ಎಂದಲ್ಲ. ಒಳಗಿನ ಸ್ಪ್ರಿಂಗ್ ಕೊಕ್ಕೆಯೊಂದನ್ನು ತಳ್ಳಿ ಪಿನ್ನಿಗೆ ಸಿಕ್ಕಿಸುತ್ತದೆ. ಧೂಳು, ಗ್ರೀಸ್ ಸೇರಿ ಗಟ್ಟಿಯಾದರೆ, ಸ್ಪ್ರಿಂಗ್ ತುಕ್ಕು ಹಿಡಿದು ಸೋತರೆ ಕೊಕ್ಕೆ ಅರ್ಧಕ್ಕೇ ನಿಲ್ಲುತ್ತದೆ. ತುದಿ ಮಾತ್ರ ತೂತಿಗೆ ಹೋದ ಬಾಗಿಲ ಚಿಲಕದಂತೆ: ನೋಡಲು ಭದ್ರ, ತಳ್ಳಿದರೆ ತೆರೆಯುತ್ತದೆ.

ಮಿಕ್ಕಿದ್ದು ಅದುರುವಿಕೆಯ ಕೆಲಸ. ಉದಾಹರಣೆಗೆ, 1961ರಿಂದ 1996ರವರೆಗೆ ಮೈಸೂರಿನಲ್ಲೇ ತಯಾರಾದ ಜಾವಾ, ಯೆಜ್ಡಿ ಬೈಕುಗಳಲ್ಲಿ ಬಹುಪಾಲು ಒಂಟಿ ಸಿಲಿಂಡರಿನವು. ಅಂಥ ಎಂಜಿನ್ ಹೆಚ್ಚು ಅದುರುತ್ತದೆ. ಪ್ರತಿ ಕುಲುಕಿಗೂ ಪಿನ್ ಉಜ್ಜಿ ಉಜ್ಜಿ ಕೊಕ್ಕೆಯ ಚೂಪಾದ ಅಂಚು ದುಂಡಗಾಗುತ್ತದೆ, ಹಿಡಿತ ಜಾರುತ್ತದೆ.

ಕೊಳೆಯಾದರೆ ಸೀಮೆಎಣ್ಣೆಯಲ್ಲಿ ತೊಳೆದು ಹನಿ ಎಣ್ಣೆ ಬಿಟ್ಟರೆ ಸಾಕು. ಸವೆದ ಕೊಕ್ಕೆಯನ್ನು ಮಾತ್ರ ಬದಲಿಸಲೇಬೇಕು. ಹಗ್ಗ ಕಟ್ಟಿ ಓಡಿಸುವುದು ಖಂಡಿತ ಬೇಡ. ಮಗುವೋ ಹಿರಿಯರೋ ಹಿಂದೆ ಕೂರುವ ಮುನ್ನ ಬ್ಯಾಕ್‌ರೆಸ್ಟನ್ನು ಒಮ್ಮೆ ಬಲವಾಗಿ ಜಗ್ಗಿ ನೋಡಿ.