ಗುಳಿಗೆಗೂ ಬೇಕು ಸತ್ಸಂಗ

ಸತ್ಸಂಗದಿಂದ ಮನುಷ್ಯನ ನಡತೆ ತಿದ್ದುತ್ತದೆಂಬುದನ್ನು ನಾವೆಲ್ಲ ಬಲ್ಲೆವು. ಈ ಮಾತು ಔಷಧಕ್ಕೂ ಸಲ್ಲುತ್ತದೆಂದರೆ ಓದುಗರಿಗೆ ಅಚ್ಚರಿಯೆನಿಸೀತು.

ಹಿರಿಯೂರು ತಾಲ್ಲೂಕಿನ ಜವನಗೊಂಡನಹಳ್ಳಿಯ ಭಕ್ತರೊಬ್ಬರ ಮನೆಗೆ ಪ್ರಸಾದಕ್ಕೆ ಹೋಗಿದ್ದಾಗ, ಆ ಮನೆಯ ತಾಯಿ ನಮ್ಮನ್ನು ಕೇಳಿದರು: "ಅಯ್ಯನವರೇ, ದಿನಾಲೂ ಅರಿಶಿನದ ನೀರು ಕುಡೀತಿದ್ದೀನಿ. ಡಾಕ್ಟರು ಕೊಟ್ಟ ಗುಳಿಗೆ ಇನ್ನು ಬಿಡಬಹುದೇ?" ನಾವು ಅವರ ಕೈಯ ಲೋಟವನ್ನು ನೋಡಿದೆವು. ಅರಿಶಿನವು ತಳದಲ್ಲಿ ಕುಳಿತಿತ್ತು. ಉತ್ತರವೂ ಅಲ್ಲಿಯೇ ಇತ್ತು.

ಅರಿಶಿನದ ಹಳದಿ ಸತ್ತ್ವವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದು ಅತ್ಯಲ್ಪ. ನುಂಗಿದ ಮದ್ದು ಕರಗದಿದ್ದರೆ ಕರುಳಿನಿಂದ ರಕ್ತಕ್ಕೆ ಸೇರದು. ಆಧುನಿಕ ಔಷಧಗಳಲ್ಲಿಯೂ ಅನೇಕಕ್ಕೆ ಇದೇ ದೋಷವುಂಟು. ಅವುಗಳ ಅಣುಗಳು ಹರಳಿನೊಳಗೆ ಒಂದನ್ನೊಂದು ಬಿಗಿಯಾಗಿ ಹಿಡಿದಿರುವುದು ಇದಕ್ಕೊಂದು ಕಾರಣ.

ಇದಕ್ಕೆ ವಿಜ್ಞಾನಿಗಳು ಕಂಡುಕೊಂಡ ಉಪಾಯಗಳಲ್ಲಿ ಸಹಸ್ಫಟಿಕ, ಎಂದರೆ ಜೊತೆಹರಳು, ಒಂದು. ಮದ್ದಿನ ಅಣುವಿನ ಪಕ್ಕದಲ್ಲಿ ತಕ್ಕ ಇನ್ನೊಂದು ವಸ್ತುವಿನ ಅಣುವನ್ನು ಕೂಡಿಸಿ, ಎರಡೂ ಒಂದೇ ಹರಳಾಗಿ ಬೆಳೆಯುವಂತೆ ಮಾಡುತ್ತಾರೆ. ಇದು ಸಕ್ಕರೆ, ಉಪ್ಪುಗಳನ್ನು ಬೆರೆಸಿದಂತಲ್ಲ. ಎರಡು ಬಗೆಯ ಇಟ್ಟಿಗೆಗಳನ್ನು ಕ್ರಮವಾಗಿ ಜೋಡಿಸಿ ಒಂದೇ ಗೋಡೆ ಕಟ್ಟಿದಂತೆ. ಹೈಡ್ರೋಜನ್ ಬಂಧವೆಂಬ ಮೃದುವಾದ ಹಿಡಿತವು ಹೆಚ್ಚಾಗಿ ಅವನ್ನು ಕೂಡಿಸುತ್ತದೆ. ಮದ್ದು ಮದ್ದಾಗಿಯೇ ಉಳಿಯುತ್ತದೆ. ಆದರೆ ಕರಗುವ ವೇಗ, ತೇವವನ್ನು ತಾಳುವ ಶಕ್ತಿ, ಗುಳಿಗೆಯಾಗಿ ಒತ್ತಲು ಒದಗುವ ಗುಣ ಬದಲಾಗಬಲ್ಲವು.

ಇಂಥ ಹರಳನ್ನು 1844ರಲ್ಲಿಯೇ ಜರ್ಮನಿಯ ವೋಲರ್ ಕಂಡಿದ್ದರು. ಹರಳುಗಳನ್ನು ಉದ್ದೇಶಪೂರ್ವಕವಾಗಿ ಕಟ್ಟುವ ಶಾಸ್ತ್ರಕ್ಕೆ 1989ರ ತಮ್ಮ ಗ್ರಂಥದಿಂದ ಬುನಾದಿ ಹಾಕಿದವರಲ್ಲಿ ಪ್ರೊ. ಗೌತಮ್ ದೇಸಿರಾಜು ಪ್ರಮುಖರು. ಹೈದರಾಬಾದಿನಲ್ಲಿದ್ದ ಅವರು 2009ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಹೈದರಾಬಾದ್ ವಿಶ್ವವಿದ್ಯಾಲಯದ ಪ್ರೊ. ಅಶ್ವಿನಿ ನಾಂಗಿಯಾ ಅವರ ತಂಡವು 2011ರಲ್ಲಿ ಕರ್ಕ್ಯುಮಿನ್ನಿಗೆ ಪೈರೊಗ್ಯಾಲಾಲ್ ಎಂಬ ವಸ್ತುವನ್ನು ಜೊತೆಗೂಡಿಸಿತು. ನೀರು ಬೆರೆತ ಆಲ್ಕೊಹಾಲಿನಲ್ಲಿ ಆ ಹರಳು ಸುಮಾರು 12 ಪಟ್ಟು ಬೇಗ ಕರಗಿತು. ಆದರೆ ಪೈರೊಗ್ಯಾಲಾಲ್ ವಿಷಕಾರಿ. ಸಂಗವು ಹಿತವಾದುದೂ ಆಗಿರಬೇಕೆಂಬ ಎಚ್ಚರ ಇಲ್ಲಿದೆ.

ಹೃದಯ ದುರ್ಬಲವಾದವರಿಗೆ ಕೊಡುವ ಎಂಟ್ರೆಸ್ಟೊ ಗುಳಿಗೆಗೆ 2015ರಲ್ಲಿ ಅಮೆರಿಕೆಯಲ್ಲಿ ಅನುಮತಿ ದೊರೆಯಿತು. ಅದರಲ್ಲಿ ಸಕ್ಯುಬಿಟ್ರಿಲ್, ವಾಲ್ಸಾರ್ಟನ್ ಎಂಬ ಎರಡು ಮದ್ದುಗಳು ಒಂದೇ ಹರಳಿನಲ್ಲಿ ನೆಲೆಸಿವೆ.

ಆ ತಾಯಿಗೆ ನಾವು ಹೇಳಿದ್ದಿಷ್ಟು: "ಅರಿಶಿನ ಸಾರಿನಲ್ಲಿರಲಿ, ತಾಯಿ. ಗುಳಿಗೆಯನ್ನು ಮಾತ್ರ ವೈದ್ಯರನ್ನು ಕೇಳದೆ ಬಿಡಬೇಡಿ." ಒಂದು ಗುಳಿಗೆ ನಮ್ಮ ಕೈಸೇರುವ ಮುನ್ನ ಎಷ್ಟೋ ಜನರ ಕಾಯಕ ಅದರಲ್ಲಿ ಕರಗಿರುತ್ತದೆ. ಅದನ್ನು ಹೊತ್ತಿಗೆ ಸರಿಯಾಗಿ ಸೇವಿಸುವುದೂ ದೇಹವೆಂಬ ದೇಗುಲಕ್ಕೆ ನಾವು ಸಲ್ಲಿಸುವ ಸೇವೆಯೇ.