ದೋಣಿ ಓಡಿದರೆ ಕಾಲುವೆ



ಚೆನ್ನೈನ ಮೈಲಾಪುರದಲ್ಲಿ ‘ಪರಕ್ಕುಂ ರೈಲು’ ಹಿಡಿಯಲು ಹೊರಟಾಗ ಒಂದು ಸೇತುವೆಯ ಮೇಲೆ ನೀವೆಲ್ಲ ಮೂಗು ಮುಚ್ಚಿಕೊಂಡು ಬೇಗ ಬೇಗ ಹೆಜ್ಜೆ ಹಾಕುತ್ತೀರಲ್ಲವೇ? ಕೆಳಗೆ ಕಪ್ಪು ನೀರು, ತೇಲುವ ಪ್ಲಾಸ್ಟಿಕ್ ಚೀಲಗಳು, ನೀರಿನಲ್ಲೇ ಊರಿರುವ ರೈಲುಮಾರ್ಗದ ಕಂಬಗಳು. ಮದುವೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ ನಾನೂ ಅದನ್ನೊಂದು ದೊಡ್ಡ ಚರಂಡಿ ಎಂದೇ ತಿಳಿದಿದ್ದೆ. ಒಂದು ದಿನ ನಮ್ಮ ಅತ್ತೆಯವರು, “ನಾನು ಚಿಕ್ಕವಳಿದ್ದಾಗ ಇದರಲ್ಲೇ ಕಣಮ್ಮಾ ಸೌದೆ ಬರುತ್ತಿದ್ದುದು, ದೋಣಿಯಲ್ಲಿ” ಎಂದಾಗ ನನಗೆ ನಂಬಿಕೆಯಾಗಲಿಲ್ಲ. ಈ ನೀರಿನಲ್ಲಿ ದೋಣಿಯೇ!

ಅತ್ತೆಯವರು ಹೇಳಿದ್ದು ಅಕ್ಷರಶಃ ನಿಜ. ಅದು ಬಕಿಂಗ್‌ಹ್ಯಾಮ್ ಕಾಲುವೆ. 1806ರಲ್ಲಿ ಮದರಾಸಿನಿಂದ ಎಣ್ಣೂರಿನವರೆಗೆ ತೋಡಲಾರಂಭಿಸಿದ ಪುಟ್ಟ ಕಾಲುವೆ, ಕ್ರಮೇಣ ಉತ್ತರಕ್ಕೂ ದಕ್ಷಿಣಕ್ಕೂ ಬೆಳೆದು ಆಂಧ್ರದ ಪೆದ್ದಗಂಜಾಮಿನಿಂದ ತಮಿಳುನಾಡಿನ ಮರಕ್ಕಾಣದವರೆಗೆ ಸುಮಾರು 420 ಕಿಲೋಮೀಟರ್ ಉದ್ದದ ಜಲಮಾರ್ಗವಾಯಿತು. ನಗರದೊಳಗೆ ಕೂವಂ ಮತ್ತು ಅಡ್ಯಾರ್ ನದಿಗಳನ್ನು ಜೋಡಿಸುವ ಭಾಗವನ್ನು ತೋಡಿದ್ದು 1877-78ರಲ್ಲಿ. ಆ ವರ್ಷಗಳ ಹೆಸರು ಕೇಳಿದರೆ ನಮ್ಮ ಮೈಸೂರು ಸೀಮೆಯ ಹಿರಿಯರು ‘ಧಾತು ಬರ’ ಎಂದು ನಿಟ್ಟುಸಿರು ಬಿಡುತ್ತಿದ್ದರು. ಅದೇ ಮಹಾ ಬರಗಾಲದಲ್ಲಿ ಹಸಿದವರಿಗೆ ಕೂಲಿ ಕೊಟ್ಟು ತೋಡಿಸಿದ ಕಾಲುವೆ ಇದು. ಆಗ ಗವರ್ನರಾಗಿದ್ದ ಬಕಿಂಗ್‌ಹ್ಯಾಮ್ ಡ್ಯೂಕನ ಹೆಸರು ಅದಕ್ಕೆ ನಿಂತಿತು. ತೋಡಿದ ಕೈಗಳ ಹೆಸರು ಎಂದಿನಂತೆ ಎಲ್ಲೂ ಇಲ್ಲ.

ಅಕ್ಕಿ, ಉಪ್ಪು, ಸರ್ವೆ ಮರದ ಸೌದೆ ಎಲ್ಲವೂ ಈ ದಾರಿಯಲ್ಲೇ ಮದರಾಸಿಗೆ ಬರುತ್ತಿದ್ದವು. ರೈಲು ಬಂತು, ಲಾರಿ ಬಂತು. 1965 ಮತ್ತು 1966ರ ಚಂಡಮಾರುತಗಳು ಕಾಲುವೆಯನ್ನು ಜಖಂಗೊಳಿಸಿದವು. ಆಮೇಲೆ ದೋಣಿಗಳು ನಿಂತೇ ಹೋದವು. ದೋಣಿ ಓಡುವಷ್ಟು ಕಾಲ ಯಾರಾದರೊಬ್ಬರು ಹೂಳೆತ್ತಲೇಬೇಕು, ದಂಡೆ ಕಟ್ಟಲೇಬೇಕು. ಇಲ್ಲದಿದ್ದರೆ ಸರಕು ಹೇರಿದವನು ಸುಮ್ಮನಿರುತ್ತಾನೆಯೇ? ದೋಣಿ ನಿಂತ ಮೇಲೆ ಕೇಳುವವರು ಯಾರು? ಊರಿನ ಕೊಳಚೆ ಬಂದು ಸೇರಿತು. 1990ರ ದಶಕದಲ್ಲಿ ರೈಲಿನ ಕಂಬಗಳು ಬಂದವು. ಮೊದಲು ಹೋದದ್ದು ದೋಣಿ, ಆಮೇಲೆ ನೀರು.

ಈ ಮಾತು ನನ್ನ ಮನಸ್ಸಿನಲ್ಲಿ ನಾಟಿದ್ದು ಮಾತ್ರ ಚೆನ್ನೈನಲ್ಲಲ್ಲ, ಕೇರಳದ ಆಲಪ್ಪುಳದಲ್ಲಿ.

ಕೆಟ್ಟ ದೋಣಿಯಲ್ಲ, ಕಟ್ಟಿದ ದೋಣಿ

2009ರ ಡಿಸೆಂಬರ್ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆವು. ಆಗ ಮಗಳು ಏಳನೆಯ ತರಗತಿ. ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಅದಕ್ಕಾಗಿ ಮನೆಯಲ್ಲಿ ದಿನವೂ ಒಂದು ಸಣ್ಣ ಯುದ್ಧ. “ಅಮ್ಮಾ, ಸ್ಕೂಲಿನಲ್ಲಿ ತಮಿಳಿದೆ, ಹಿಂದಿ ಇದೆ, ಇಂಗ್ಲಿಷ್ ಇದೆ. ಅಜ್ಜಿ ಜೊತೆ ಫೋನಿನಲ್ಲಿ ಮಾತಾಡ್ತೀನಲ್ಲ, ಸಾಕು. ಕನ್ನಡ ಬರೆಯೋಕೆ ಕಲಿತು ಏನು ಉಪಯೋಗ?” ಎಂಬುದು ಅವಳ ವಾದ. ‘ಅದು ತಾಯ್ನುಡಿ ಕಣೇ’ ಎನ್ನುವುದರ ಹೊರತು ನನ್ನಲ್ಲಿ ಬೇರೆ ಉತ್ತರವಿರಲಿಲ್ಲ. ಆ ಉತ್ತರಕ್ಕೆ ಅವಳು ಸೊಪ್ಪು ಹಾಕುತ್ತಿರಲಿಲ್ಲ.

ನಾವು ಹತ್ತಿದ ಹೌಸ್‌ಬೋಟಿನ ಹಳೆಯ ಹೆಸರು ‘ಕೆಟ್ಟುವಳ್ಳಂ’ ಎಂದು ತಿಳಿದಾಗ ಮಗಳಿಗೆ ನಗುವೋ ನಗು. “ಕೆಟ್ಟು ಹೋದ ದೋಣೀನಾ ಅಮ್ಮಾ?” ವಾಸ್ತವವಾಗಿ ಮಲಯಾಳದ ‘ಕೆಟ್ಟು’ ಎಂದರೆ ನಮ್ಮ ‘ಕಟ್ಟು’; ‘ವಳ್ಳಂ’ ಎಂದರೆ ದೋಣಿ. ಕಟ್ಟಿದ ದೋಣಿ! ಏಕೆ ಆ ಹೆಸರು ಎನ್ನುತ್ತೀರಾ? ಇಷ್ಟು ದೊಡ್ಡ ದೋಣಿಗೆ ಒಂದೇ ಒಂದು ಮೊಳೆ ಹೊಡೆಯುತ್ತಿರಲಿಲ್ಲ. ‘ಆಂಞಿಲಿ’ ಮರದ ಹಲಗೆಗಳನ್ನು (ನಮ್ಮ ಮಲೆನಾಡಿನ ಹೆಬ್ಬಲಸು ಇದೇ ಮರ) ಅಂಚಿಗೆ ಅಂಚು ಕೂಡಿಸಿ, ಅಂಚಿನುದ್ದಕ್ಕೂ ತೂತು ಕೊರೆದು, ತೆಂಗಿನ ನಾರಿನ ಹುರಿಯಿಂದ ಬಟ್ಟೆ ಹೊಲಿದಂತೆ ಹೊಲಿಯುತ್ತಿದ್ದರು. ಸಂದುಗಳಿಗೆ ನಾರು ತುಂಬಿ, ಗೇರುಬೀಜದ ಸಿಪ್ಪೆಯಿಂದ ಬರುವ ಕಪ್ಪು ಎಣ್ಣೆಯನ್ನು ಮೇಲೆ ಬಳಿದರೆ ಮುಗಿಯಿತು. ನೀರು ಒಳಗೆ ಬರುವುದಿಲ್ಲ, ಉಪ್ಪುನೀರಿಗೆ ತುಕ್ಕು ಹಿಡಿಯಲು ಕಬ್ಬಿಣವೇ ಇಲ್ಲ. ಹೊಲಿಗೆ ಸವೆದರೆ ಬಿಚ್ಚಿ ಮತ್ತೆ ಹೊಲಿದರಾಯಿತು.

ದೊಡ್ಡ ಕೆಟ್ಟುವಳ್ಳಗಳು 30 ಟನ್‌ವರೆಗೂ ಭಾರ ಹೊರುತ್ತಿದ್ದವು. ಕುಟ್ಟನಾಡಿನ ಗದ್ದೆಗಳ ಭತ್ತ, ತೆಂಗಿನಕಾಯಿ, ಕೊಬ್ಬರಿ, ನಾರು, ಮೆಣಸು ಹೇರಿಕೊಂಡು ಕಾಲುವೆಗಳಿಂದ ವೇಂಬನಾಡು ಸರೋವರಕ್ಕಿಳಿದು ಕೊಚ್ಚಿಯವರೆಗೆ ಪಯಣ. ಗಾಳಿಯಿದ್ದರೆ ಹಾಯಿ, ಇಲ್ಲದಿದ್ದರೆ ಉದ್ದನೆಯ ಬಿದಿರ ಗಳು. ಬಿದಿರು ಚಾಪೆಯ ಕಮಾನಿನಡಿ ದೋಣಿಯವರ ಅಡುಗೆ, ಊಟ, ನಿದ್ದೆ. ಆಲಪ್ಪುಳ ಊರು ಬೆಳೆದದ್ದೇ ಈ ದೋಣಿಗಳಿಂದ. ಹದಿನೆಂಟನೆಯ ಶತಮಾನದಲ್ಲಿ ತಿರುವಾಂಕೂರಿನ ದಿವಾನ ರಾಜಾ ಕೇಶವದಾಸರು ಅಲ್ಲಿನ ಬಂದರನ್ನು ಬೆಳೆಸಿ, ಊರೊಳಗಿನ ಕಾಲುವೆಗಳಿಂದ ಅದನ್ನು ಸರೋವರಕ್ಕೆ ಜೋಡಿಸಿದರು. ಸರಕು ಮನೆ ಬಾಗಿಲಿಗೇ ದೋಣಿಯಲ್ಲಿ ಬಂದು ನಿಲ್ಲುವ ಊರು ಅದು.

ಅಲ್ಲಿಗೂ ರಸ್ತೆ ಬಂತು, ಸೇತುವೆ ಬಂತು, ಲಾರಿ ಬಂತು. ಮೂರು ದಿನದ ದಾರಿಯನ್ನು ಮೂರು ಗಂಟೆಯಲ್ಲಿ ಕ್ರಮಿಸುವ ಲಾರಿಯ ಮುಂದೆ ಬಿದಿರ ಗಳುವಿನ ಆಟ ನಡೆದೀತೇ? ದೋಣಿಗಳು ದಂಡೆ ಸೇರಿದವು. ಬಕಿಂಗ್‌ಹ್ಯಾಮ್ ಕಾಲುವೆಯ ಕಥೆಯೇ ಅಲ್ಲೂ ನಡೆಯಬೇಕಿತ್ತು. ಆದರೆ 1990ರ ದಶಕದ ಆರಂಭದಲ್ಲಿ ಯಾರಿಗೋ ಒಂದು ಉಪಾಯ ಹೊಳೆಯಿತು: ಭತ್ತದ ಮೂಟೆ ಇಡುತ್ತಿದ್ದ ಜಾಗದಲ್ಲಿ ಮಂಚ ಹಾಕಿದರೆ ಹೇಗೆ? ಚಾಪೆಯ ಕಮಾನನ್ನು ಎತ್ತರಿಸಿ, ಕಿಟಕಿ ಇಟ್ಟು, ಸ್ನಾನದ ಕೋಣೆ ಮಾಡಿ, ಎಂಜಿನ್ ಕೂಡಿಸಿದರು. ಸರಕಿನ ದೋಣಿ ಮನೆಯಾಯಿತು. ಇಂದು ಕೇರಳ ಎಂದೊಡನೆ ಕಣ್ಣ ಮುಂದೆ ಬರುವ ಚಿತ್ರವೇ ಅದು.

ನಮ್ಮ ದೋಣಿಯ ಚುಕ್ಕಾಣಿ ಹಿಡಿದಿದ್ದವರು ಅರವತ್ತು ದಾಟಿದ ಹಿರಿಯರು. ಅವರ ತಂದೆ ಭತ್ತದ ದೋಣಿ ನಡೆಸಿದವರಂತೆ. ಮಗಳು ಹೊಲಿಗೆಯ ವಿಷಯ ಕೆದಕಿ ಕೆದಕಿ ಕೇಳಿದ್ದಕ್ಕೆ, ನೆಲದ ಚಾಪೆ ಎತ್ತಿ ಕರಿ ಹಿಡಿದ ನಾರಿನ ಸಾಲನ್ನು ತೋರಿಸಿದರು. “ಈ ದೋಣಿಗೆ ನನಗಿಂತ ಹೆಚ್ಚು ವಯಸ್ಸು” ಎಂದರು ತಮಿಳು ಬೆರೆಸಿದ ಮಲಯಾಳದಲ್ಲಿ. “ಅನ್ನ ಹೊರುತ್ತಿದ್ದ ದೋಣಿಯಲ್ಲಿ ಈಗ ನಮ್ಮಂಥ ಪ್ರವಾಸಿಗರನ್ನು ಹೊತ್ತು ತಿರುಗಿಸುತ್ತೀರಲ್ಲ, ಬೇಸರವಿಲ್ಲವೇ?” ಎಂದು ನಾನು ಕೇಳಿದೆ. ಅವರು ನಕ್ಕುಬಿಟ್ಟರು. “ಭಾರ ಹೊರುವುದಕ್ಕೆಂದೇ ಕಟ್ಟಿದ್ದು ಇದನ್ನು. ಅಂದು ಭತ್ತ, ಇಂದು ನೀವು. ನೀರಿನಿಂದ ಎತ್ತಿ ದಂಡೆಯ ಮೇಲೆ ಇಟ್ಟು ಪೂಜೆ ಮಾಡಿದರೆ ಏನಾಗುತ್ತದೆ ಗೊತ್ತೇ? ಹಲಗೆ ಒಣಗಿ ಬಿರುಕು ಬಿಡುತ್ತದೆ, ಹೊಲಿಗೆ ಸಡಿಲವಾಗುತ್ತದೆ. ಓಡುತ್ತಿದ್ದರೇ ದೋಣಿ.”

ಈ ಹೊಸ ಬಾಳು ಸುಲಭದ್ದೇನೂ ಅಲ್ಲ ಎಂಬುದನ್ನೂ ಹೇಳಬೇಕು. ಹಳೆಯ ದೋಣಿಗಳು ಸಾಲದೆ ಪ್ರವಾಸಿಗರಿಗೆಂದೇ ಹೊಸವು ಬಂದವು, ಹೆಚ್ಚು ಹೆಚ್ಚು ಬಂದವು. ಎಂಜಿನ್ನಿನ ಎಣ್ಣೆ, ಶೌಚಾಲಯದ ಕೊಳಕು, ಊಟದ ತ್ಯಾಜ್ಯ ಸೇರಿ ನೀರು ಕೆಡುತ್ತಿದೆ. ವೇಂಬನಾಡು 2002ರಿಂದ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗು ಪ್ರದೇಶ. ಅದೇ ನೀರನ್ನು ನಂಬಿ ಬದುಕುವ ಮೀನುಗಾರರೂ ರೈತರೂ ಇದ್ದಾರೆ. ಬಳಕೆ ಬೇರೆ, ದುರ್ಬಳಕೆ ಬೇರೆ. ಆದರೂ 2018ರ ಆಗಸ್ಟ್ ಪ್ರವಾಹದಲ್ಲಿ ಕುಟ್ಟನಾಡು ಮುಳುಗಿ, ಮನೆ ಮಠ ಬಿಟ್ಟು ಜನ ಹೊರಡಬೇಕಾದಾಗ ಜಿಲ್ಲಾಡಳಿತ ಈ ಹೌಸ್‌ಬೋಟುಗಳನ್ನೂ ಜನರ ಸಾಗಣೆಗೆ ಬಳಸಿತು. ದಂಡೆಯ ಮೇಲೆ ಒಣಗಿದ್ದ ದೋಣಿ ಆ ದಿನ ಯಾರನ್ನು ಹೊರುತ್ತಿತ್ತು?

ಇಂಗ್ಲೆಂಡಿನ ಏಳಡಿ ದೋಣಿ

ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವಳಿಗೆ ಆ ದೇಶದ ಕಾಲುವೆಗಳ ಮೇಲೂ ಕುತೂಹಲ ಹುಟ್ಟಿತು. ಅಲ್ಲಿ ಕೈಗಾರಿಕಾ ಕ್ರಾಂತಿಯ ಕಲ್ಲಿದ್ದಲನ್ನು ಹೊತ್ತದ್ದು ಕಿರುದೋಣಿಗಳು: ಉದ್ದ ಸುಮಾರು 70 ಅಡಿ, ಅಗಲ ಕೇವಲ ಏಳು ಅಡಿ! ಬಹಳ ಕಾಲ ಅವುಗಳನ್ನು ಎಳೆದದ್ದು ದಂಡೆಯ ಮೇಲೆ ನಡೆಯುವ ಕುದುರೆ. ಹಿಂಬದಿಯ ಪುಟ್ಟ ಕೋಣೆಯಲ್ಲಿ ಗಂಡ, ಹೆಂಡತಿ, ಮಕ್ಕಳು ಎಲ್ಲರ ಸಂಸಾರ. ಆ ಇಕ್ಕಟ್ಟಿನಲ್ಲೂ ಬಾಗಿಲು, ನೀರಿನ ಡಬ್ಬಿಗಳ ಮೇಲೆಲ್ಲ ಗುಲಾಬಿ ಹೂ, ಕೋಟೆಗಳ ಚಿತ್ರ ಬಿಡಿಸಿಕೊಂಡಿದ್ದರು. ಹುಡುಗಿಯರೇ, ಎರಡನೆಯ ಮಹಾಯುದ್ಧದಲ್ಲಿ ಗಂಡಸರು ಸಾಲದಾದಾಗ ನಿಮ್ಮ ವಯಸ್ಸಿನ ಯುವತಿಯರೂ ತರಬೇತಿ ಪಡೆದು ಈ ಸರಕಿನ ದೋಣಿಗಳನ್ನು ನಡೆಸಿದರು!

ರೈಲು, ಲಾರಿಗಳು ಅಲ್ಲೂ ಗೆದ್ದವು. 1962-63ರ ಭೀಕರ ಚಳಿಗಾಲದಲ್ಲಿ ಕಾಲುವೆಗಳು ಹೆಪ್ಪುಗಟ್ಟಿ ವಾರಗಟ್ಟಲೆ ದೋಣಿಗಳು ಸಿಕ್ಕಿಬಿದ್ದ ಮೇಲೆ ಸರಕು ಸಾಗಣೆ ಬಹುಮಟ್ಟಿಗೆ ಮುಗಿಯಿತು. ಆದರೆ ಅದಕ್ಕೂ ಮೊದಲೇ, 1939ರಲ್ಲಿ, ಟಾಮ್ ರೋಲ್ಟ್ ಎಂಬ ಎಂಜಿನಿಯರ್ ‘ಕ್ರೆಸಿ’ ಎಂಬ ಹಳೆಯ ಸರಕಿನ ದೋಣಿಯನ್ನು ಮನೆಯಾಗಿ ಮಾಡಿಕೊಂಡು ಹೆಂಡತಿಯೊಂದಿಗೆ ಕಾಲುವೆಗಳ ಸಂಚಾರಕ್ಕೆ ಹೊರಟಿದ್ದ. ಆ ಅನುಭವದ ಪುಸ್ತಕ ‘ನ್ಯಾರೋ ಬೋಟ್’ 1944ರಲ್ಲಿ ಹೊರಬಂತು. ಅದನ್ನು ಓದಿದವರ ಉತ್ಸಾಹದಿಂದ 1946ರಲ್ಲಿ ಜಲಮಾರ್ಗಗಳ ರಕ್ಷಣೆಗೆ ಒಂದು ಸಂಘವೇ ಹುಟ್ಟಿತು. ಮುಂದೆ ಶನಿವಾರ, ಭಾನುವಾರ ಬಂದರೆ ಸ್ವಯಂಸೇವಕರು ಸನಿಕೆ ಹಿಡಿದು ಕೆಸರಿಗಿಳಿದರು. ಮುಚ್ಚಿಹೋಗಿದ್ದ ಕಾಲುವೆಗಳು ಒಂದೊಂದಾಗಿ ತೆರೆದವು. ಈಗ ಅಲ್ಲಿ ಜನ ದೋಣಿಗಳಲ್ಲಿ ರಜೆ ಕಳೆಯುತ್ತಾರೆ, ಕೆಲವರು ಬಾಳನ್ನೇ ಕಳೆಯುತ್ತಾರೆ. ಹೊಸ ದೋಣಿಗಳನ್ನು ಉಕ್ಕಿನಿಂದ ಕಟ್ಟಿದರೂ ಅಗಲ ಅದೇ ಏಳಡಿಯ ಆಸುಪಾಸು. ಹಳೆಯ ಕಿರಿದಾದ ಲಾಕ್‌ಗಳನ್ನು ಹಾಯಬೇಕಲ್ಲ!

ಒಂದು ಮಾತು ಮಾತ್ರ ದುಃಖದ್ದು. ಇಷ್ಟಕ್ಕೆಲ್ಲ ಕಾರಣವಾದ ಕ್ರೆಸಿ ಉಳಿಯಲಿಲ್ಲ. ಅದರ ಮರ ಸವೆದುಹೋಗಿತ್ತು. 1951ರ ಹೊತ್ತಿಗೆ ಅದರ ಬಾಳು ಮುಗಿಯಿತು. ಆದರೆ ಅದು ಓಡಿದ ನೀರು ಉಳಿಯಿತು. ಒಂದು ದೋಣಿಗೆ ಇದಕ್ಕಿಂತ ಸಾರ್ಥಕತೆ ಬೇಕೇ?

ಅಜ್ಜಿಗೆ ಕೇಳಿಸಿದ್ದು

ಇಷ್ಟು ಹೊತ್ತಿಗೆ ನಿಮಗೆ ಅನುಮಾನ ಬಂದಿರಬೇಕು, ಆಂಟಿ ಸುತ್ತಿ ಬಳಸಿ ಕನ್ನಡಕ್ಕೇ ಬರುತ್ತಾರೆ ಎಂದು. ಹೌದು, ಬಂದೆ!

ಆಲಪ್ಪುಳದಿಂದ ಬಂದ ಎರಡು ವರ್ಷಕ್ಕೆ ಹಾಸನದಲ್ಲಿದ್ದ ನನ್ನ ತಾಯಿಗೆ ಕಿವಿ ಕೇಳಿಸದಾಯಿತು. ಯಂತ್ರ ಹಾಕಿದರೂ ಫೋನಿನ ಮಾತು ತಿಳಿಯುತ್ತಿರಲಿಲ್ಲ. ಕಣ್ಣು ಮಾತ್ರ ಚೆನ್ನಾಗಿತ್ತು. ದಿನಪತ್ರಿಕೆಯನ್ನು ಒಂದಕ್ಷರ ಬಿಡದೆ ಓದುತ್ತಿದ್ದರು. ಆದರೆ ಕನ್ನಡದ ಹೊರತು ಬೇರೆ ಅಕ್ಷರ ಅವರಿಗೆ ಬಾರದು. ಪ್ರತಿ ಭಾನುವಾರ ಅಜ್ಜಿಯೊಡನೆ ಹರಟುತ್ತಿದ್ದ ನನ್ನ ಮಗಳು ರಿಸೀವರ್ ಹಿಡಿದು “ಅಜ್ಜೀ, ಅಜ್ಜೀ” ಎಂದು ಕೂಗಿ ಕೂಗಿ, ಕೊನೆಗೆ ಅಳುತ್ತಾ ಕೆಳಗಿಟ್ಟಳು. ಸಾಕು ಎಂದುಕೊಂಡಿದ್ದ ದಾರಿ ಮುಚ್ಚಿಹೋಗಿತ್ತು.

ಮರುದಿನ ಅವಳೇ ಬಂದು, “ಅಮ್ಮಾ, ಆ ವರ್ಣಮಾಲೆ ಪುಸ್ತಕ ಎಲ್ಲಿಟ್ಟಿದ್ದೀಯ?” ಎಂದಳು. ನಾನು ಯುದ್ಧ ಮಾಡಿ ಕಲಿಸಲಾರದ್ದನ್ನು ಅವಳು ನಾಲ್ಕು ತಿಂಗಳಲ್ಲಿ ಕಲಿತಳು. ಮೊದಲ ಕಾಗದ ಹತ್ತೇ ಸಾಲು. ನಾನು ತಿದ್ದಲಿಲ್ಲ, ಹಾಗೆಯೇ ಅಂಚೆಗೆ ಹಾಕಿದೆ. ‘ಅಜ್ಜಿ’ ಎಂಬಲ್ಲಿ ಒತ್ತಕ್ಷರ ಬಿಟ್ಟು ‘ಅಜಿ’ ಎಂದು ಬರೆದಿದ್ದಳು. ವಾರದೊಳಗೆ ಉತ್ತರ ಬಂತು: “ಒತ್ತು ಬಿಟ್ಟಿದ್ದೀಯ ಮಗೂ. ಆದರೂ ನನಗೆ ನಿನ್ನ ಧ್ವನಿ ಕೇಳಿಸಿತು.” ಅಮ್ಮ ಹೋದ ಮೇಲೆ ಅವರ ಟ್ರಂಕಿನಲ್ಲಿ ಮೊಮ್ಮಗಳ ಕಾಗದಗಳೆಲ್ಲ ಸಿಕ್ಕವು, ಹಳೆಯ ಸೀರೆಯ ಅಂಚಿನಿಂದ ಕಟ್ಟಿಟ್ಟಿದ್ದವು.

‘ಏನು ಉಪಯೋಗ?’ ಎಂಬ ಪ್ರಶ್ನೆ ತಪ್ಪಲ್ಲ, ಮಕ್ಕಳೇ. ಆ ದೋಣಿಯ ಹಿರಿಯರೂ ಉಪಯೋಗದ ಮಾತನ್ನೇ ಆಡಿದ್ದು. ನಿಮ್ಮ ಕನ್ನಡಕ್ಕೆ ನಿಮ್ಮ ಸರಕನ್ನೇ ಹೇರಿ: ಗೆಳೆಯರಿಗೆ ಮೆಸೇಜು, ಕ್ರಿಕೆಟ್ಟಿನ ಜಗಳ, ಸಿನಿಮಾದ ಮಾತು, ಏನಾದರೂ ಸರಿ. ಒತ್ತು ತಪ್ಪಿದರೆ ತಪ್ಪಲಿ, ಹೊಲಿಗೆ ಬಿಟ್ಟಲ್ಲಿ ಮತ್ತೆ ಹೊಲಿಯೋಣ. ಈ ಪತ್ರಿಕೆಯ ಮುಂದಿನ ಸಂಚಿಕೆಗೆ ನಿಮ್ಮಲ್ಲಿ ಒಬ್ಬರಾದರೂ ಸ್ವಂತ ಕೈಬರಹದಲ್ಲಿ ಹತ್ತು ಸಾಲು ಕಳುಹಿಸಿ. ತಿದ್ದದೆ ಹಾಗೆಯೇ ಅಚ್ಚು ಹಾಕಿ ಎಂದು ಸಂಪಾದಕರನ್ನು ನಾನು ಕೇಳಿಕೊಳ್ಳುತ್ತೇನೆ.